ಪಾಪವೆಲ್ಲ ಅಪರಾಧ ಆಗಬೇಕಾ? ಕ್ಯಾಥೊಲಿಕ್ ಚಿಂತನೆ, ಕಾನೂನು ಮತ್ತು ಮತಪೆಟ್ಟಿಗೆ

ಪ್ರಶ್ನೆ: ಮೇಡಂ, ನಾನು ಕಾನೂನು ವಿದ್ಯಾರ್ಥಿನಿ. ಗರ್ಭಪಾತದ ಹಕ್ಕನ್ನು ಬೆಂಬಲಿಸಿದ್ದಕ್ಕೆ ಅಮೆರಿಕದಲ್ಲಿ ಬೈಡನ್, ಪೆಲೋಸಿ ಅಂಥ ಕ್ಯಾಥೊಲಿಕ್ ರಾಜಕಾರಣಿಗಳಿಗೆ ಚರ್ಚಿನಲ್ಲಿ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ನಿರಾಕರಿಸಿದರು ಅಂತ ಓದಿದೆ. ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತು ಜನರಲ್ಲಿ ಆರು ಜನ ಕ್ಯಾಥೊಲಿಕರಂತೆ. ಕ್ಯಾಥೊಲಿಕ್ ಆದವರು ಅಧಿಕಾರಕ್ಕೆ ಬಂದರೆ ಪೋಪ್ ಮಾತು ಕೇಳಬೇಕಾ, ಸಂವಿಧಾನದ ಮಾತು ಕೇಳಬೇಕಾ? ಎರಡಕ್ಕೂ ನಿಷ್ಠರಾಗಿರೋದು ಸಾಧ್ಯವಾ? ನಮ್ಮ ದೇಶದಲ್ಲಿ ಇಂಥದ್ದು ಯಾವತ್ತಾದರೂ ಕೋರ್ಟಿಗೆ ಬಂದಿದೆಯಾ?

ಉತ್ತರ: ಬೆಲ್ಜಿಯಂ ರಾಜನೊಬ್ಬನ ಒಂದೂವರೆ ದಿನದ ಕಥೆಯಿಂದ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಅದರೊಳಗೇ ಇದೆ.

1990ರಲ್ಲಿ ಬೆಲ್ಜಿಯಂ ಸಂಸತ್ತು ಕೆಲವು ಷರತ್ತು ಹಾಕಿ ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಯನ್ನು ಪಾಸು ಮಾಡಿತು. ಮಸೂದೆ ಕಾನೂನಾಗಬೇಕಾದರೆ ರಾಜನ ಸಹಿ ಬೇಕು. ಆ ಸಹಿ ಬರೀ ಪದ್ಧತಿ. ಸಂಸತ್ತು ಒಪ್ಪಿದ್ದನ್ನು ರಾಜ ಬೇಡ ಅನ್ನುವ ರೂಢಿ ಅಲ್ಲಿಲ್ಲ. ಆದರೆ ಆಗ ಸಿಂಹಾಸನದ ಮೇಲಿದ್ದವನು ಬೋಡ್ವಾನ್, ಕಟ್ಟಾ ಕ್ಯಾಥೊಲಿಕ್. ಅವನಿಗೂ ರಾಣಿ ಫಾಬಿಯೋಲಾಗೂ ಮಕ್ಕಳಿರಲಿಲ್ಲ. ರಾಣಿಗೆ ಮತ್ತೆ ಮತ್ತೆ ಗರ್ಭಸ್ರಾವ ಆಗಿತ್ತು. ಮಾರ್ಚ್ 30ರಂದು ರಾಜ ಪ್ರಧಾನಿ ವಿಲ್‌ಫ್ರೀಡ್ ಮಾರ್ಟೆನ್ಸ್‌ಗೆ ಒಂದು ಪತ್ರ ಬರೆದ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದೆ, ರಾಜನಿಗೆ ಮಾತ್ರ ಇಲ್ಲವೇ ಅಂತ ಅದರಲ್ಲಿ ಕೇಳಿದ. ನನ್ನ ಕೈಯಿಂದ ಸಹಿ ಆಗುವುದಿಲ್ಲ, ಆದರೆ ಸಂಸತ್ತಿನ ಕೆಲಸಕ್ಕೆ ಅಡ್ಡ ಬರುವುದೂ ನನಗೆ ಬೇಡ, ಏನಾದರೂ ದಾರಿ ಹುಡುಕಿ ಅಂತಲೂ ಬರೆದ.

ಮಾರ್ಟೆನ್ಸ್ ದಾರಿ ಹುಡುಕಿದರು. ಅಲ್ಲಿನ ಸಂವಿಧಾನದ 82ನೇ ವಿಧಿ, ರಾಜ ಆಳ್ವಿಕೆ ನಡೆಸಲಾಗದ ಸ್ಥಿತಿಗೆ ಬಂದರೆ ಏನು ಮಾಡಬೇಕು ಅಂತ ಹೇಳುತ್ತಿತ್ತು. ರಾಜ ಕಾಯಿಲೆ ಬಿದ್ದರೆ, ಶತ್ರುವಿನ ಕೈಗೆ ಸಿಕ್ಕರೆ ಬಳಸಲಿ ಅಂತ ಇಟ್ಟಿದ್ದ ವಿಧಿ ಅದು. 1940ರಲ್ಲಿ ಬೋಡ್ವಾನ್‌ನ ಅಪ್ಪ ಜರ್ಮನರಿಗೆ ಸೆರೆಯಾದಾಗ ಅದು ಕೆಲಸಕ್ಕೆ ಬಂದಿತ್ತು. ಈಗ ಮಗನ ಮನಸ್ಸಾಕ್ಷಿಗಾಗಿ ಅದನ್ನು ಮತ್ತೆ ಹೊರತೆಗೆದರು. ಏಪ್ರಿಲ್ 4ರಂದು ರಾಜ ಆಳಲು ಅಶಕ್ತ ಅಂತ ಮಂತ್ರಿಮಂಡಲ ಘೋಷಿಸಿತು. ಮಂತ್ರಿಗಳೇ ಸೇರಿ ಸಹಿ ಹಾಕಿ ಕಾನೂನನ್ನು ಜಾರಿ ಮಾಡಿದರು. ಮಾರನೇ ದಿನ ಎರಡೂ ಸದನ ಒಟ್ಟಿಗೆ ಸೇರಿ ರಾಜನನ್ನು ಮತ್ತೆ ಕೂರಿಸಿದವು. ಸಂವಿಧಾನದ ಪಂಡಿತರು ಹುಬ್ಬು ಗಂಟಿಕ್ಕಿದ್ದು ನಿಜ. ಆರೋಗ್ಯವಾಗಿ ಓಡಾಡಿಕೊಂಡಿದ್ದ ಮನುಷ್ಯನನ್ನು ಅಶಕ್ತ ಅಂದದ್ದು ಸ್ವಲ್ಪ ನಾಟಕವೇ ಅಲ್ವಾ?

ಈಗ ಹನ್ನೆರಡು ವರ್ಷ ಹಿಂದಕ್ಕೆ, ಇಟಲಿಗೆ ಬನ್ನಿ. 1978ರ ಮೇ 22ರಂದು ಅಲ್ಲಿಯೂ ಗರ್ಭಪಾತದ ಕಾನೂನಿಗೆ ಸಹಿ ಬಿತ್ತು, 194ನೇ ನಂಬರಿನ ಕಾನೂನು. ಪ್ರಧಾನಿ ಜೂಲಿಯೊ ಆಂಡ್ರಿಯೊಟ್ಟಿ. ದಿನಾ ಬೆಳಗ್ಗೆ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗುವ ಮನುಷ್ಯ. ರಾಷ್ಟ್ರಪತಿ ಲಿಯೋನೆ, ಸಹಿ ಹಾಕಿದ ಮಂತ್ರಿಗಳು, ಎಲ್ಲರೂ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದವರೇ. ಸಂಸತ್ತಿನಲ್ಲಿ ಆ ಪಕ್ಷ ಕಾನೂನನ್ನು ವಿರೋಧಿಸಿ ಸೋತಿತ್ತು. ಆದರೂ ಸಹಿ ಹಾಕಿದರು. ಉಗ್ರರು ಅಪಹರಿಸಿದ್ದ, ಅವರದೇ ಪಕ್ಷದ ಮಾಜಿ ಪ್ರಧಾನಿ ಆಲ್ಡೊ ಮೊರೊ ಶವ ರೋಮಿನ ಬೀದಿಯಲ್ಲಿ ನಿಂತಿದ್ದ ಕಾರಿನಲ್ಲಿ ಸಿಕ್ಕಿ ಇನ್ನೂ ಎರಡು ವಾರ ಆಗಿರಲಿಲ್ಲ. ದೇಶ ಹೊತ್ತಿ ಉರಿಯುತ್ತಿರುವಾಗ ಸರ್ಕಾರ ಬೀಳಿಸುವ ಧೈರ್ಯ ಯಾರಿಗಿತ್ತು?

ಒಂದೇ ಧರ್ಮಸಭೆ (ಕ್ಯಾಥೊಲಿಕ್ ಚರ್ಚು), ಒಂದೇ ನಂಬಿಕೆ, ಹೆಚ್ಚುಕಡಿಮೆ ಒಂದೇ ಬಗೆಯ ಕಾನೂನು. ಒಬ್ಬ ಸಹಿ ಹಾಕಲಿಲ್ಲ, ಇನ್ನೊಬ್ಬ ಹಾಕಿದ. ರೋಮಿನಿಂದ ಇಬ್ಬರಿಗೂ ಶಿಕ್ಷೆ ಬರಲಿಲ್ಲ. ಬೋಡ್ವಾನ್‌ಗೆ ಹೊಗಳಿಕೆ ಬಂತು. 2024ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವನ ಸಮಾಧಿಗೆ ಹೋಗಿ ಪ್ರಾರ್ಥಿಸಿ, ಅವನನ್ನು ಪುನೀತ ಅಂತ ಘೋಷಿಸುವ ಪ್ರಕ್ರಿಯೆ ಶುರುವಾಗಲಿ ಅಂದರು. ಆಂಡ್ರಿಯೊಟ್ಟಿ ಬದುಕಿರುವ ತನಕ ಬಲಿಪೂಜೆಗೆ ಹೋಗುತ್ತಲೇ ಇದ್ದರು.

ಹಾಗಾಗಿ ಪೋಪೋ ಸಂವಿಧಾನವೋ ಅನ್ನುವ ಪ್ರಶ್ನೆ ಇಲ್ಲಿ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಇಬ್ಬರಿಗೂ ಪೋಪ್ ನಿಲುವು ಗೊತ್ತಿತ್ತು, ಇಬ್ಬರೂ ಅದನ್ನು ಒಪ್ಪಿದ್ದರು. ಅವರನ್ನು ಕಾಡಿದ್ದು ಬೇರೆ. ನನಗೆ ಪಾಪ ಅನ್ನಿಸಿದ್ದೆಲ್ಲ ದೇಶಕ್ಕೆ ಅಪರಾಧ ಆಗಬೇಕಾ? ಆಗಲಿಲ್ಲ ಅಂದರೆ, ಆ ಕಾಗದದ ಮೇಲೆ ನನ್ನ ಹೆಸರು ಇರಬಹುದಾ? ಮೊದಲನೆಯದು ಕಾನೂನಿನ ಪ್ರಶ್ನೆ. ಎರಡನೆಯದು ಕುರ್ಚಿಯ ಮೇಲೆ ಕೂತವನ ಪ್ರಶ್ನೆ. ಇವೆರಡನ್ನೂ ಕಲಸಿಬಿಟ್ಟರೆ ಜಗಳ ಮುಗಿಯುವುದೇ ಇಲ್ಲ.

ಮೊದಲನೆಯ ಪ್ರಶ್ನೆಗೆ ಕ್ಯಾಥೊಲಿಕರೊಳಗೇ ಬಹಳ ಹಳೆಯ ಉತ್ತರವೊಂದಿದೆ. ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್, ದೇವಶಾಸ್ತ್ರದ ತಮ್ಮ ದೊಡ್ಡ ಗ್ರಂಥದಲ್ಲಿ ಕಾನೂನಿಗೇ ಒಂದು ಭಾಗ ಇಟ್ಟಿದ್ದಾರೆ. ಮನುಷ್ಯ ಮಾಡಿದ ಕಾನೂನು ಎಲ್ಲ ಕೆಟ್ಟದ್ದನ್ನೂ ತಡೆಯಬೇಕಾ ಅಂತ ಅಲ್ಲಿ ಅವರೇ ಕೇಳಿಕೊಳ್ಳುತ್ತಾರೆ. ಉತ್ತರ, ಬೇಡ. ಕಾನೂನು ಮಾಡುವುದು ಎಲ್ಲ ಥರದ ಜನರಿಗೆ. ಅವರಲ್ಲಿ ಜಾಸ್ತಿ ಜನ ಸಂತರಲ್ಲ. ಆದ್ದರಿಂದ ಜನಸಾಮಾನ್ಯರಿಂದ ಬಿಡಲು ಸಾಧ್ಯವಾಗುವ, ಬೇರೆಯವರಿಗೆ ಕೇಡು ಮಾಡುವ ದೊಡ್ಡ ತಪ್ಪುಗಳನ್ನಷ್ಟೇ ಕಾನೂನು ತಡೆಯಲಿ ಅನ್ನುತ್ತಾರೆ. ಉದಾಹರಣೆಗೆ ಕೊಲೆ, ಕಳ್ಳತನ. ಅದಕ್ಕಿಂತ ಜಾಸ್ತಿ ಬಿಗಿದರೆ ಜನ ರೊಚ್ಚಿಗೆದ್ದು ಇನ್ನೂ ಕೆಟ್ಟದ್ದಕ್ಕೆ ಇಳಿಯುತ್ತಾರೆ ಅನ್ನುವ ಎಚ್ಚರಿಕೆಯೂ ಅಲ್ಲೇ ಇದೆ. ಸನ್ಯಾಸಿಯೊಬ್ಬ ಬರೆದ ಮಾತು ಇದು ಅಂದರೆ ನನ್ನ ವಿದ್ಯಾರ್ಥಿಗಳು ಮೊದಲು ನಂಬುವುದಿಲ್ಲ.

ಆದರೆ ಅದೇ ಅಕ್ವಿನಾಸ್, ನೈಸರ್ಗಿಕ ನ್ಯಾಯಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲ, ಕಾನೂನಿನ ವಿಕಾರ ಅಂತಲೂ ಹೇಳಿದವರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಂ ಜೈಲಿನಿಂದ ಬರೆದ ಪತ್ರದಲ್ಲಿ, ಬಣ್ಣಭೇದದ ಕಾನೂನನ್ನು ಏಕೆ ಮುರಿಯಬೇಕು ಅಂತ ವಾದಿಸಲು ಹಿಡಿದದ್ದು ಇದೇ ಎಳೆಯನ್ನು. ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿ, ಕ್ಯಾಥೊಲಿಕ್ ಅಲ್ಲ.

ಈಗ ಗರ್ಭಪಾತಕ್ಕೆ ಬನ್ನಿ. ಅದು ಬೇರೊಬ್ಬ ಜೀವಕ್ಕೆ ಮಾಡುವ ಕೇಡು, ಅಂದರೆ ಕೊಲೆಯ ಸಾಲಿಗೇ ಸೇರಿದ್ದು ಅಂತ ಧರ್ಮಾಧ್ಯಕ್ಷರು (ಬಿಷಪ್‌ಗಳು) ಹೇಳುತ್ತಾರೆ. ಅಕ್ವಿನಾಸ್ ಕೊಟ್ಟ ವಿನಾಯಿತಿ ಇದಕ್ಕೆ ದಕ್ಕುವುದಿಲ್ಲ ಅನ್ನುವುದು ಅವರ ವಾದ. ಜನ ಒಪ್ಪದ ಕಾನೂನು ತಂದರೆ ಅದು ಬರೀ ಕಾಗದದಲ್ಲಿ ಉಳಿಯುತ್ತದೆ, ಹೆಂಗಸರು ಕಳ್ಳದಾರಿಯಲ್ಲಿ ಸಾಯುತ್ತಾರೆ, ಅಕ್ವಿನಾಸ್ ಹೇಳಿದ ವಿವೇಕ ಇದೇ ಅಂತ ಇನ್ನೊಂದು ಕಡೆಯವರು ಹೇಳುತ್ತಾರೆ. ಎರಡೂ ಕಡೆಯವರ ಕೈಯಲ್ಲಿ ಇರುವುದು ಒಂದೇ ಗ್ರಂಥ.

ಎರಡನೇ ಕಡೆಯ ವಾದವನ್ನು ತುಂಬ ಚೆನ್ನಾಗಿ ಮಂಡಿಸಿದವರು ನ್ಯೂಯಾರ್ಕ್ ಗವರ್ನರ್ ಮಾರಿಯೊ ಕ್ಯುಮೊ. 1984ರ ಸೆಪ್ಟೆಂಬರ್ 13ರಂದು, ನೋಟ್ರ್ ಡೇಮ್ ಅನ್ನುವ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲೇ ನಿಂತು ಮಾತಾಡಿದರು. ಗರ್ಭಪಾತದ ಬಗ್ಗೆ ಧರ್ಮಸಭೆ ಹೇಳುವುದನ್ನು ನಾನೂ ನನ್ನ ಹೆಂಡತಿಯೂ ಒಪ್ಪುತ್ತೇವೆ. ಆದರೆ ಅದನ್ನು ಕಾನೂನು ಮಾಡಬೇಕಾ ಬೇಡವಾ ಅನ್ನುವುದು ರಾಜಕೀಯ ವಿವೇಕಕ್ಕೆ ಬಿಟ್ಟದ್ದು. ನಮ್ಮ ಜನರಲ್ಲೇ ಒಮ್ಮತ ಇಲ್ಲದಿರುವಾಗ ಕಾನೂನಿನಿಂದ ಏನು ಸಾಧಿಸುತ್ತೇವೆ? ಮಾತಿನ ತಿರುಳು ಇಷ್ಟು.

ಭಾಷಣ ಸೊಗಸಾಗಿದೆ, ಆದರೆ ಅದರಲ್ಲಿ ಒಂದು ತೂತಿದೆ. ಮರಣದಂಡನೆಯನ್ನು ಮತ್ತೆ ತರಬೇಕು ಅಂತ ನ್ಯೂಯಾರ್ಕ್ ಶಾಸನಸಭೆ ವರ್ಷ ವರ್ಷ ಮಸೂದೆ ಕಳಿಸುತ್ತಿತ್ತು. ಜನರ ಒಲವೂ ಆ ಕಡೆಗೇ ಇತ್ತು. ತಾವು ಅಧಿಕಾರದಲ್ಲಿದ್ದ ಹನ್ನೆರಡು ವರ್ಷವೂ ಕ್ಯುಮೊ ಅದನ್ನು ವೀಟೊ ಮಾಡಿದರು. ಅಲ್ಲಿ ಅವರಿಗೆ ಒಮ್ಮತ ಬೇಕಾಗಲಿಲ್ಲ. ಆತ್ಮಸಾಕ್ಷಿ ಸಾಕಾಯಿತು. ಟೀಕಾಕಾರರು ಇದನ್ನೇ ಹಿಡಿದು ಜಗ್ಗಿದರು. ಜಗ್ಗಿದ್ದು ಸರಿಯೂ ಹೌದು ಅಂತ ನನ್ನ ಅಭಿಪ್ರಾಯ. ಜನರ ಒಮ್ಮತಕ್ಕೆ ಕಾಯುತ್ತೇನೆ ಅನ್ನುವವರು ತಮಗೆ ನಿಜಕ್ಕೂ ನೋವಾಗುವ ವಿಷಯದಲ್ಲಿ ಕಾಯುವುದಿಲ್ಲ. ಬಲಗಡೆಯವರೂ ಇದಕ್ಕೆ ಹೊರತಲ್ಲ. ಗರ್ಭಪಾತದ ವಿಷಯದಲ್ಲಿ ಪೋಪ್ ಮಾತನ್ನು ಎತ್ತಿ ಹಿಡಿಯುವ ಎಷ್ಟೋ ಅಮೆರಿಕನ್ ರಾಜಕಾರಣಿಗಳು, 2018ರಲ್ಲಿ ಫ್ರಾನ್ಸಿಸ್ ಅವರು ಮರಣದಂಡನೆಯನ್ನು ಒಪ್ಪಲಾಗದು ಅಂತ ಧರ್ಮೋಪದೇಶದ ಪುಸ್ತಕದಲ್ಲೇ ತಿದ್ದಿಸಿದಾಗ ಕೇಳಿಸಿಕೊಳ್ಳದವರ ಹಾಗೆ ಇದ್ದುಬಿಟ್ಟರು. ವಲಸಿಗರ ಮಾತು ಬಂದಾಗಲೂ ಅಷ್ಟೇ.

ನ್ಯಾಯಾಧೀಶರ ವಿಷಯಕ್ಕೆ ಬಂದರೆ ಎರಡನೆಯ ಪ್ರಶ್ನೆ, ಅಂದರೆ ಕುರ್ಚಿಯ ಪ್ರಶ್ನೆ, ಇನ್ನೂ ಬಿಗಿಯಾಗುತ್ತದೆ. ಶಾಸಕರು ವಾದ ಮಾಡಿ ಕಾನೂನು ಬದಲಿಸಬಹುದು, ನ್ಯಾಯಾಧೀಶರಿಗೆ ಆ ಸೌಕರ್ಯ ಇಲ್ಲ. ನೀವು ಕೇಳಿದ ಪ್ರಶ್ನೆಯನ್ನೇ 1957ರಲ್ಲಿ ಅಮೆರಿಕದ ಸೆನೆಟ್ ಸಮಿತಿ ನ್ಯಾಯಮೂರ್ತಿ ವಿಲಿಯಂ ಬ್ರೆನನ್‌ಗೆ ಕೇಳಿತ್ತು. ನಾನು ತೆಗೆದುಕೊಂಡ ಪ್ರಮಾಣವಚನವೇ ನನ್ನನ್ನು ಕಟ್ಟಿಹಾಕುತ್ತದೆ, ಬೇರೇನೂ ಅಲ್ಲ ಅಂದರು ಅವರು. 1973ರಲ್ಲಿ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ರೋ ವರ್ಸಸ್ ವೇಡ್ ತೀರ್ಪಿನ ಬಹುಮತದಲ್ಲಿ ಬ್ರೆನನ್ ಇದ್ದರು.

ಅದೇ ಕೋರ್ಟಿನಲ್ಲಿ ಅವರ ಎದುರು ದಿಕ್ಕಿನಲ್ಲಿದ್ದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಕೂಡ ಕಟ್ಟಾ ಕ್ಯಾಥೊಲಿಕ್. 2002ರಲ್ಲಿ ಅವರು ಬರೆದದ್ದು ಕೇಳಿ. ಮರಣದಂಡನೆ ಅನೈತಿಕ ಅಂತ ನಂಬುವ ನ್ಯಾಯಾಧೀಶ ಕಾನೂನನ್ನು ತಿರುಚಬಾರದು, ರಾಜೀನಾಮೆ ಕೊಟ್ಟು ಮನೆಗೆ ಹೋಗಬೇಕು. ನಾನು ಹಾಗೆ ನಂಬುವುದಿಲ್ಲ, ಅದಕ್ಕೇ ಇಲ್ಲಿದ್ದೇನೆ. ಅಷ್ಟರಲ್ಲಾಗಲೇ ಪೋಪ್ ಎರಡನೇ ಜಾನ್ ಪಾಲ್ ಮರಣದಂಡನೆ ಹೆಚ್ಚುಕಡಿಮೆ ಬೇಡವೇ ಬೇಡ ಅನ್ನುವಲ್ಲಿಗೆ ಬಂದಿದ್ದರು. ಸ್ಕಾಲಿಯಾ ಅದನ್ನು ಬಹಿರಂಗವಾಗಿಯೇ ಒಪ್ಪಲಿಲ್ಲ. ಇನ್ನೊಂದು ದಾರಿಯನ್ನು 1998ರಲ್ಲಿ ಏಮಿ ಕೋನಿ ಬ್ಯಾರೆಟ್ ಮತ್ತು ಪ್ರೊಫೆಸರ್ ಜಾನ್ ಗಾರ್ವಿ ತೋರಿಸಿದ್ದರು. ನಂಬಿಕೆಯ ಕಾರಣಕ್ಕೆ ಮರಣದಂಡನೆ ವಿಧಿಸಲಾಗದ ಕ್ಯಾಥೊಲಿಕ್ ನ್ಯಾಯಾಧೀಶರು ಅಂಥ ಪ್ರಕರಣದಿಂದ ಹಿಂದೆ ಸರಿಯಲಿ ಅಂತ. ಬ್ಯಾರೆಟ್ 2020ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಮೇಲೆ ಮರಣದಂಡನೆಯ ಪ್ರಕರಣಗಳಲ್ಲೂ ಕೂತಿದ್ದಾರೆ.

ನೀವು ಹೇಳಿದ ಆರರ ಲೆಕ್ಕವನ್ನೂ ಒಂದು ಸಲ ಬಿಡಿಸಿ ನೋಡಿ. 2022ರ ಜೂನ್ 24ರಂದು ರೋ ತೀರ್ಪನ್ನು ರದ್ದು ಮಾಡಿದ ಐವರಲ್ಲಿ ನಾಲ್ವರು ಕ್ಯಾಥೊಲಿಕರು. ಐದನೆಯವರು ಗೋರ್ಸಚ್, ಎಪಿಸ್ಕೋಪಲ್ ಅನ್ನುವ ಪ್ರೊಟೆಸ್ಟಂಟ್ ಪಂಗಡದ ಚರ್ಚಿಗೆ ಹೋಗುತ್ತಾ ಬಂದವರು. ಕ್ಯಾಥೊಲಿಕ್ ಆದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ಆ ಕೇಸಿನ ಫಲಿತಾಂಶ ಒಪ್ಪಿದರೂ ರೋ ರದ್ದು ಮಾಡುವಷ್ಟು ದೂರ ಹೋಗಲಿಲ್ಲ. ಆರನೆಯವರಾದ ಸೊಟೊಮೇಯರ್ ಕಟುವಾದ ಭಿನ್ನಮತಕ್ಕೆ ಹೆಸರು ಹಾಕಿದರು. ಧರ್ಮವೇ ತೀರ್ಪು ಬರೆಯುತ್ತದೆ ಅನ್ನುವುದಾದರೆ ಹೀಗೆ ಆಗುವುದಿಲ್ಲ. ಆ ನಾಲ್ವರನ್ನು ಆರಿಸಿ ಕೂರಿಸಿದ ರಿಪಬ್ಲಿಕನ್ ಪಕ್ಷದ ರಾಜಕೀಯಕ್ಕೂ ಇದರಲ್ಲಿ ದೊಡ್ಡ ಪಾಲಿದೆ.

ಪರಮಪ್ರಸಾದದ ಸಂಗತಿ ಬೇಗ ಮುಗಿಸುತ್ತೇನೆ, ಕಾನೂನಿನ ದೃಷ್ಟಿಯಿಂದ ಅದರಲ್ಲಿ ಹೆಚ್ಚೇನಿಲ್ಲ. ಯಾರಿಗೆ ಪ್ರಸಾದ ಕೊಡಬೇಕು ಅನ್ನುವುದು ಧರ್ಮಸಭೆಯ ಒಳಗಿನ ಶಿಸ್ತು. ಎದ್ದು ಕಾಣುವ ಗಂಭೀರ ಪಾಪದಲ್ಲಿ ಹಟ ಹಿಡಿದು ಮುಂದುವರಿಯುವವರಿಗೆ ಕೊಡಬಾರದು ಅಂತ ಕ್ಯಾನನ್ ಕಾನೂನಿನ, ಅಂದರೆ ಧರ್ಮಸಭೆಯ ಸ್ವಂತ ಕಾನೂನಿನ, 915ನೇ ನಿಯಮ ಹೇಳುತ್ತದೆ. ಅದು ರಾಜಕಾರಣಿ ಸದನದಲ್ಲಿ ಹಾಕುವ ಓಟಿಗೂ ಅನ್ವಯಿಸುತ್ತದಾ ಅನ್ನುವಲ್ಲಿ ಧರ್ಮಾಧ್ಯಕ್ಷರಲ್ಲೇ ಒಡಕಿದೆ. ಬೈಡನ್‌ಗೆ 2019ರಲ್ಲಿ ದಕ್ಷಿಣ ಕ್ಯಾರೊಲಿನಾದ ಒಂದು ಚರ್ಚಿನಲ್ಲಿ ನಿರಾಕರಿಸಿದ್ದು ನಿಜ, ಆದರೆ ವಾಷಿಂಗ್ಟನ್ನಿನ ಕಾರ್ಡಿನಲ್ ನಾನು ನಿರಾಕರಿಸುವುದಿಲ್ಲ ಅಂದರು. ಪೆಲೋಸಿಗೆ 2022ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಹಾಧರ್ಮಾಧ್ಯಕ್ಷರು ಬಾಗಿಲು ಹಾಕಿದರು. ಜೂನ್ 29ಕ್ಕೆ ಪೆಲೋಸಿ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ, ಪೋಪ್ ಇದ್ದ ಬಲಿಪೂಜೆಯಲ್ಲೇ ಪ್ರಸಾದ ತೆಗೆದುಕೊಂಡರು!

ಇಷ್ಟೆಲ್ಲ ಸರಿ, ಪೋಪ್ ನೇರವಾಗಿ ಹೀಗೆ ಮಾಡು ಅಂತ ಹೇಳಿದರೆ? ಹೆಚ್ಚುಕಡಿಮೆ ಹಾಗೆ ಆದದ್ದುಂಟು. 1952ರಲ್ಲಿ ರೋಮ್ ನಗರಸಭೆಗೆ ಚುನಾವಣೆ ಬಂತು. ಪವಿತ್ರ ನಗರಕ್ಕೆ ಕಮ್ಯುನಿಸ್ಟ್ ಮೇಯರ್ ಬಂದುಬಿಟ್ಟರೆ ಅಂತ ವ್ಯಾಟಿಕನ್‌ಗೆ ದಿಗಿಲು. ರಾಜಪ್ರಭುತ್ವವಾದಿಗಳನ್ನೂ ನವ ಫ್ಯಾಸಿಸ್ಟರನ್ನೂ ಸೇರಿಸಿಕೊಂಡು ಒಂದೇ ಪಟ್ಟಿ ಮಾಡಿ ಅಂತ ಹನ್ನೆರಡನೇ ಪಿಯುಸ್ ಅವರ ಸುತ್ತಲಿನವರು ಕ್ರಿಶ್ಚಿಯನ್ ಡೆಮಾಕ್ರಟರ ಮೇಲೆ ಒತ್ತಡ ತಂದರು. ಆಗ ಪ್ರಧಾನಿ ಅಲ್ಚಿಡೆ ಡಿ ಗ್ಯಾಸ್ಪೆರಿ. ಮುಸೊಲಿನಿಯ ಜೈಲಿನಲ್ಲಿ ಕೂತು ಬಂದವರು. ಹೊರಗೆ ಬಂದ ಮೇಲೆ ಬೇರೆಲ್ಲೂ ಕೆಲಸ ಸಿಗದೆ ವ್ಯಾಟಿಕನ್ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಪುಸ್ತಕದ ಪಟ್ಟಿ ಬರೆದು ಹೊಟ್ಟೆ ಹೊರೆದವರು. ಅಂದರೆ ಅನ್ನ ಕೊಟ್ಟ ಮನೆಯಿಂದಲೇ ಬಂದ ಒತ್ತಡ ಅದು. ಡಿ ಗ್ಯಾಸ್ಪೆರಿ ಒಪ್ಪಲಿಲ್ಲ. ಫ್ಯಾಸಿಸ್ಟರ ಜೊತೆ ಕೈ ಜೋಡಿಸದೆಯೇ ಚುನಾವಣೆ ಗೆದ್ದರು.

ಆಮೇಲೆ ನಡೆದದ್ದನ್ನು ಓದಿದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಆ ಜೂನ್‌ನಲ್ಲಿ ಅವರ ಮದುವೆಗೆ ಮೂವತ್ತು ವರ್ಷ ತುಂಬಿತ್ತು. ಮಗಳು ಲೂಚಿಯಾ ಸನ್ಯಾಸಿನಿಯಾಗಿ ಕೊನೆಯ ಪ್ರತಿಜ್ಞೆ ತೆಗೆದುಕೊಳ್ಳುವವಳಿದ್ದಳು. ಕುಟುಂಬ ಸಮೇತ ಪೋಪ್ ಅವರನ್ನು ಕಂಡು ಆಶೀರ್ವಾದ ಪಡೆಯಲು ಅವಕಾಶ ಕೇಳಿದರು. ಆಗುವುದಿಲ್ಲ ಅಂತ ಉತ್ತರ ಬಂತು. ಡಿ ಗ್ಯಾಸ್ಪೆರಿ ರಾಯಭಾರಿಯ ಮೂಲಕ ಹೇಳಿ ಕಳಿಸಿದ ಮಾತಿನ ಸಾರ ಇದು. ಕ್ರೈಸ್ತನಾಗಿ ಈ ಅವಮಾನವನ್ನು ನಾನು ನುಂಗಿಕೊಳ್ಳುತ್ತೇನೆ. ಆದರೆ ಇಟಲಿಯ ಪ್ರಧಾನಿಯಾಗಿ, ನಾನು ಕೂತಿರುವ ಸ್ಥಾನದ ಗೌರವಕ್ಕಾಗಿ, ಇದಕ್ಕೆ ವಿವರಣೆ ಕೇಳಲೇಬೇಕಾಗಿದೆ. ಎರಡಕ್ಕೂ ನಿಷ್ಠರಾಗಿರುವುದು ಹೇಗೆ ಅಂತ ಕೇಳಿದಿರಲ್ಲ, ನನಗೆ ಗೊತ್ತಿರುವ ಒಳ್ಳೆಯ ಉತ್ತರ ಇದೇ. ಬೋಡ್ವಾನ್‌ಗಿಂತ ನನಗೆ ಡಿ ಗ್ಯಾಸ್ಪೆರಿ ಜಾಸ್ತಿ ಹಿಡಿಸುತ್ತಾರೆ. ರಾಜನಿಗಾಗಿ ಇಡೀ ಮಂತ್ರಿಮಂಡಲ ದಾರಿ ಹುಡುಕಿಕೊಟ್ಟಿತು. ಇವರಿಗೆ ಯಾರೂ ದಾರಿ ಮಾಡಿಕೊಡಲಿಲ್ಲ.

ಧರ್ಮಸಭೆ ಮೊದಲಿನಿಂದಲೂ ಪ್ರಜಾಪ್ರಭುತ್ವದ ಪರ ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2011ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಜರ್ಮನ್ ಸಂಸತ್ತಿನಲ್ಲಿ ಮಾತಾಡುತ್ತ, ಕ್ರೈಸ್ತ ಧರ್ಮ ದೇವರು ಕೊಟ್ಟ ಕಾನೂನನ್ನು ರಾಜ್ಯದ ಮೇಲೆ ಯಾವತ್ತೂ ಹೊರಿಸಿಲ್ಲ, ನಿಸರ್ಗ ಮತ್ತು ವಿವೇಕವನ್ನೇ ಕಾನೂನಿನ ಮೂಲ ಅಂತ ತೋರಿಸಿದೆ ಅಂದರು. ಒಳ್ಳೆಯ ಭಾಷಣ, ಆದರೆ ಚರಿತ್ರೆ ಅಷ್ಟು ಚೊಕ್ಕವಾಗಿಲ್ಲ. 1858ರ ಜೂನ್‌ನಲ್ಲಿ, ಪೋಪ್ ಆಳ್ವಿಕೆಯಲ್ಲಿದ್ದ ಬೊಲೋನ್ಯಾ ಊರಿನಲ್ಲಿ, ಎಡ್ಗಾರ್ಡೊ ಮೊರ್ಟಾರಾ ಅನ್ನುವ ಆರು ವರ್ಷದ ಯೆಹೂದಿ ಹುಡುಗನನ್ನು ಪೊಲೀಸರು ಅಪ್ಪ ಅಮ್ಮನ ಕೈಯಿಂದ ಕಿತ್ತುಕೊಂಡು ಹೋದರು. ಕೂಸಾಗಿದ್ದಾಗ ಅವನಿಗೆ ಕಾಯಿಲೆ ಬಂದು ಸಾಯುತ್ತಾನೆ ಅನ್ನಿಸಿದಾಗ, ಮನೆಗೆಲಸದ ಹುಡುಗಿ ಗುಟ್ಟಾಗಿ ಅವನ ಮೇಲೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿದ್ದಳಂತೆ. ದೀಕ್ಷಾಸ್ನಾನ ಆದ ಮಗುವನ್ನು ಕ್ರೈಸ್ತರಲ್ಲದವರು ಸಾಕುವಂತಿಲ್ಲ ಅಂತ ಅಲ್ಲಿನ ಕಾನೂನು. ಯುರೋಪ್ ಪೂರ್ತಿ ಕೂಗಾಡಿದರೂ ಒಂಬತ್ತನೇ ಪಿಯುಸ್ ಮಗುವನ್ನು ವಾಪಸ್ ಕೊಡಲಿಲ್ಲ. ಆ ಹುಡುಗ ಮುಂದೆ ಕ್ಯಾಥೊಲಿಕ್ ಗುರುವಾದ.

ಅದೇ ಪಿಯುಸ್ 1864ರಲ್ಲಿ 80 ತಪ್ಪು ಅಭಿಪ್ರಾಯಗಳ ಪಟ್ಟಿಯೊಂದನ್ನು ಹೊರಡಿಸಿದರು. ಧರ್ಮಸಭೆ ಮತ್ತು ರಾಜ್ಯ ಬೇರೆ ಬೇರೆ ಇರಬೇಕು ಅನ್ನುವುದು 55ನೇ ತಪ್ಪು. ಪೋಪ್ ಆದವರು ಪ್ರಗತಿ, ಉದಾರವಾದ, ಆಧುನಿಕ ನಾಗರಿಕತೆಯ ಜೊತೆ ರಾಜಿಯಾಗಬೇಕು ಅನ್ನುವುದು 80ನೇ ತಪ್ಪು. ಈ ಸಿಟ್ಟಿಗೂ ಕಾರಣ ಇತ್ತು ಅನ್ನಿ. ಅವರ ಮಟ್ಟಿಗೆ ಪ್ರಜಾಪ್ರಭುತ್ವ ಅಂದರೆ ಫ್ರೆಂಚ್ ಕ್ರಾಂತಿ. ಗುರುಗಳಿಂದ ಬಲವಂತದ ಪ್ರಮಾಣ ಮಾಡಿಸಿದ, 1792ರಲ್ಲಿ ಸೆರೆಯಲ್ಲಿದ್ದ ಗುರುಗಳನ್ನು ಕೊಚ್ಚಿ ಹಾಕಿದ ಕ್ರಾಂತಿ ಅದು.

ಮುಂದಿನ ಪೋಪ್ ಹದಿಮೂರನೇ ಲಿಯೊ ಸ್ವಲ್ಪ ಬಾಗಿದರು. ಗಣರಾಜ್ಯವನ್ನು ಒಪ್ಪಿಕೊಳ್ಳಿ ಅಂತ 1892ರಲ್ಲಿ ಫ್ರಾನ್ಸಿನ ಕ್ಯಾಥೊಲಿಕರಿಗೆ ಹೇಳಿದರು. ಆದರೆ ಧಾರ್ಮಿಕ ಸ್ವಾತಂತ್ರ್ಯದ ವಿಷಯದಲ್ಲಿ ಒಂದು ವಿಚಿತ್ರ ಸಿದ್ಧಾಂತ ಉಳಿದುಕೊಂಡಿತು. ಕ್ಯಾಥೊಲಿಕರು ಜಾಸ್ತಿ ಇರುವ ದೇಶದಲ್ಲಿ ಅದೇ ರಾಜ್ಯಧರ್ಮ ಆಗಬೇಕು. ಕಡಿಮೆ ಇರುವಲ್ಲಿ ಸದ್ಯಕ್ಕೆ ಎಲ್ಲರಿಗೂ ಸ್ವಾತಂತ್ರ್ಯ ಇರಲಿ. ತಮಗೆ ಬೇಕಾದಾಗ ಹಕ್ಕು, ಬೇರೆಯವರಿಗೆ ಬೇಕಾದಾಗ ಸಹನೆ! ಅಮೆರಿಕದ ಪ್ರೊಟೆಸ್ಟಂಟರು ಕ್ಯಾಥೊಲಿಕ್ ಅಭ್ಯರ್ಥಿಗಳನ್ನು ಅನುಮಾನದಿಂದ ನೋಡಿದ್ದು ಸುಮ್ನೆ ಅಲ್ಲ. 1928ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಆಲ್ ಸ್ಮಿತ್ ಸೋತದ್ದಕ್ಕೆ ಅದೂ ಒಂದು ಕಾರಣ. ಪೋಪ್‌ಗಳ ಪತ್ರದಲ್ಲಿ ಹೀಗೆ ಹೀಗೆ ಇದೆಯಲ್ಲ ಅಂತ ಯಾರೋ ಕೇಳಿದಾಗ, ಆ ಪತ್ರ ಅಂದರೆ ಏನಪ್ಪಾ ಅಂತ ಸ್ಮಿತ್ ತಮ್ಮವರನ್ನೇ ಕೇಳಿದರು ಅಂತ ಒಂದು ಕಥೆ ಇದೆ. 1960ರ ಸೆಪ್ಟೆಂಬರ್ 12ರಂದು ಜಾನ್ ಕೆನಡಿ ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟಂಟ್ ಪಾದ್ರಿಗಳ ಎದುರು ನಿಂತು, ನಾನು ಕ್ಯಾಥೊಲಿಕರ ಅಭ್ಯರ್ಥಿ ಅಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಧರ್ಮದಿಂದ ಕ್ಯಾಥೊಲಿಕ್ ಅಷ್ಟೇ ಅನ್ನಬೇಕಾಯಿತು. ಆತ್ಮಸಾಕ್ಷಿಗೂ ಹುದ್ದೆಗೂ ತಾಳೆ ಬೀಳದ ದಿನ ಬಂದರೆ ರಾಜೀನಾಮೆ ಕೊಡುತ್ತೇನೆ ಅಂತಲೂ ಸೇರಿಸಿದರು. ಆ ಕೊನೆಯ ಸಾಲನ್ನು ಜನ ಮರೆಯುತ್ತಾರೆ.

ಆ ಹಳೆಯ ಸಿದ್ಧಾಂತವನ್ನು ಒಳಗಿನಿಂದಲೇ ಕೆಡವಿದವರು ಜಾನ್ ಕರ್ಟ್ನಿ ಮರ್ರಿ, ಜೆಸ್ವಿತ್ ಅನ್ನುವ ಸನ್ಯಾಸಿ ಸಂಘಕ್ಕೆ ಸೇರಿದ ಅಮೆರಿಕನ್ ಗುರು. ಧಾರ್ಮಿಕ ಸ್ವಾತಂತ್ರ್ಯ ಬರೀ ಸಹನೆಯಲ್ಲ, ತತ್ವ ಅಂತ ಬರೆದದ್ದಕ್ಕೆ 1955ರಲ್ಲಿ ಅವರ ಬಾಯಿ ಮುಚ್ಚಿಸಿದರು. ಈ ವಿಷಯದ ಬಗ್ಗೆ ಇನ್ನು ಬರೆಯಬೇಡಿ ಅಂತ ಮೇಲಿನವರು ಹೇಳಿದಾಗ, ಅವರು ಆ ಪುಸ್ತಕಗಳನ್ನೆಲ್ಲ ಕೋಣೆಯಿಂದ ತೆಗೆದು ಗ್ರಂಥಾಲಯಕ್ಕೆ ವಾಪಸ್ ಕೊಟ್ಟರು. ಲೋಕದ ಧರ್ಮಾಧ್ಯಕ್ಷರೆಲ್ಲ ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಮೊದಲ ಅಧಿವೇಶನಕ್ಕೂ ಅವರನ್ನು ಕರೆಯಲಿಲ್ಲ. ಮರುವರ್ಷ ನ್ಯೂಯಾರ್ಕಿನ ಕಾರ್ಡಿನಲ್ ಸ್ಪೆಲ್‌ಮನ್ ಹಟ ಹಿಡಿದು ಕರೆದುಕೊಂಡು ಹೋದರು. 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ 2308 ಮತಗಳಿಂದ ಪಾಸಾಯಿತು, ವಿರುದ್ಧ 70. ಯಾರನ್ನೂ ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಬಾರದು, ಅದು ಮನುಷ್ಯನ ಘನತೆಯಿಂದಲೇ ಬಂದ ಹಕ್ಕು ಅಂತ ಅದು ಹೇಳಿತು. ಕ್ಯಾಥೊಲಿಕ್ ಧರ್ಮವನ್ನೇ ರಾಜ್ಯಧರ್ಮ ಮಾಡಿಕೊಂಡಿದ್ದ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಇಕ್ಕಟ್ಟಿಗೆ ಸಿಕ್ಕಿ 1967ರಲ್ಲಿ ಬೇರೆ ಧರ್ಮದವರಿಗೂ ಸ್ವಾತಂತ್ರ್ಯ ಕೊಡುವ ಕಾನೂನು ತರಬೇಕಾಯಿತು.

ಅದರ ಪರಿಣಾಮ ಬಹಳ ದೂರ ಹೋಯಿತು. 1974ರಿಂದ 1989ರ ನಡುವೆ ಪ್ರಜಾಪ್ರಭುತ್ವಕ್ಕೆ ತಿರುಗಿದ ಸುಮಾರು ಮೂವತ್ತು ದೇಶಗಳಲ್ಲಿ ಮುಕ್ಕಾಲು ಪಾಲು ಕ್ಯಾಥೊಲಿಕ್ ದೇಶಗಳು ಅಂತ ರಾಜ್ಯಶಾಸ್ತ್ರಜ್ಞ ಸ್ಯಾಮ್ಯುಯೆಲ್ ಹಂಟಿಂಗ್ಟನ್ ಲೆಕ್ಕ ಕೊಟ್ಟಿದ್ದಾರೆ. 1986ರಲ್ಲಿ ಫಿಲಿಪ್ಪೀನ್ಸಿನ ಮನಿಲಾದ ಕಾರ್ಡಿನಲ್ ಸಿನ್ ರೇಡಿಯೊದಲ್ಲಿ ಕರೆ ಕೊಟ್ಟಾಗ ಜನ ಬೀದಿಗೆ ಬಂದು ಸರ್ವಾಧಿಕಾರಿ ಮಾರ್ಕೋಸ್‌ನ ಟ್ಯಾಂಕುಗಳ ಎದುರು ನಿಂತರು. ಚಿಲಿಯಲ್ಲಿ ಸರ್ವಾಧಿಕಾರಿ ಪಿನೋಚೆ ಹಿಡಿದುಕೊಂಡು ಹೋದವರ ಪರ ಧರ್ಮಸಭೆಯೇ ವಕೀಲರನ್ನು ಇಟ್ಟು ಕೇಸು ನಡೆಸಿತು. ಪಕ್ಕದ ಅರ್ಜೆಂಟೀನಾದಲ್ಲಿ ಮಾತ್ರ ಸೇನಾಡಳಿತದ ಎದುರು ಹೆಚ್ಚಿನ ಧರ್ಮಾಧ್ಯಕ್ಷರು ಬಾಯಿ ಬಿಡಲಿಲ್ಲ. ಸಿದ್ಧಾಂತ ಬದಲಾದ ತಕ್ಷಣ ಎಲ್ಲರಿಗೂ ಧೈರ್ಯ ಬರುವುದಿಲ್ಲ.

ಇನ್ನು ನಮ್ಮ ದೇಶ. 1965ಕ್ಕೂ ಹದಿನೈದಕ್ಕಿಂತ ಜಾಸ್ತಿ ವರ್ಷ ಮೊದಲು, ರೋಮ್ ಇನ್ನೂ ಹಳೆಯ ಸಿದ್ಧಾಂತವನ್ನೇ ಹಿಡಿದುಕೊಂಡಿದ್ದಾಗ, ನಮ್ಮ ಸಂವಿಧಾನ ಸಭೆಯಲ್ಲಿ ಒಬ್ಬ ಜೆಸ್ವಿತ್ ಗುರು ಕೂತಿದ್ದರು. ಫಾದರ್ ಜೆರೋಮ್ ಡಿಸೋಜ, 1897ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಆಗ ಮದ್ರಾಸಿನ ಲೊಯೊಲಾ ಕಾಲೇಜಿನ ಪ್ರಿನ್ಸಿಪಾಲರು. ಎಲ್ಲರಿಗೂ ಸಮಾನವಾಗಿ ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನವನ್ನು ಕಟ್ಟುವುದರಲ್ಲಿ ಅವರದ್ದೂ ಪಾಲಿತ್ತು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡ ಅನ್ನುವ 1949ರ ತೀರ್ಮಾನವನ್ನೂ ಅವರು ಬೆಂಬಲಿಸಿದರು. ಇವತ್ತು ಒಬ್ಬ ಫಾದರ್ ಹೀಗೆ ಅಧಿಕಾರದ ಸ್ಥಾನಕ್ಕೆ ಹೋಗುವಂತಿಲ್ಲ. 1980ರಲ್ಲಿ ಅಮೆರಿಕನ್ ಕಾಂಗ್ರೆಸ್ ಸದಸ್ಯರಾಗಿದ್ದ ಜೆಸ್ವಿತ್ ರಾಬರ್ಟ್ ಡ್ರೈನನ್ ಅವರಿಗೆ ಮತ್ತೆ ಸ್ಪರ್ಧಿಸಬೇಡಿ ಅಂತ ರೋಮ್ ಹೇಳಿತು. 1983ರ ಕ್ಯಾನನ್ ಸಂಹಿತೆಯ 285ನೇ ನಿಯಮ ಅದನ್ನೇ ಗಟ್ಟಿ ಮಾಡಿತು. ಎದುರು ಉದಾಹರಣೆಯೂ ನಮ್ಮಲ್ಲಿದೆ. ಕೇರಳದ 1959ರ ವಿಮೋಚನಾ ಸಮರದಲ್ಲಿ, ಜನ ಆರಿಸಿ ಕಳಿಸಿದ್ದ ಕಮ್ಯುನಿಸ್ಟ್ ಸರ್ಕಾರವನ್ನು ಇಳಿಸಲು ಧರ್ಮಸಭೆಯೂ ಬೀದಿಗಿಳಿಯಿತು. ಆ ಜುಲೈ 31ರಂದು ಕೇಂದ್ರವು ಆ ರಾಜ್ಯ ಸರ್ಕಾರವನ್ನು ವಜಾ ಮಾಡಿತು. ಶಾಲೆಗಳ ಮೇಲಿನ ಹಿಡಿತದ ಜಗಳಕ್ಕೆ ಅದು ಬಹಳ ದುಬಾರಿ ಬೆಲೆ ಅಂತ ನನ್ನ ಅನಿಸಿಕೆ.

ಕೋರ್ಟಿಗೆ ಬಂದಿದೆಯಾ ಅಂದಿರಿ. ಬಂದಿದೆ, ಅದೂ ನಮ್ಮ ಮಂಗಳೂರಿನಿಂದಲೇ. ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್ ಕೈಕೆಳಗಿನ ಪ್ರದೇಶದ, ನ್ಯಾಯಮಂಡಳಿ ಒಂದು ಮದುವೆಯನ್ನು ಅಸಿಂಧು ಅಂತ ತೀರ್ಮಾನಿಸಬಹುದು. ಅಂದರೆ ಆ ಮದುವೆ ಮೊದಲಿನಿಂದಲೂ ಆಗಿಯೇ ಇರಲಿಲ್ಲ ಅಂತ. ಅದನ್ನು ನಂಬಿ ಇನ್ನೊಂದು ಮದುವೆಯಾದವರು ದ್ವಿಪತ್ನಿತ್ವದ ಕೇಸಿಗೆ ಸಿಕ್ಕಿಕೊಳ್ಳುತ್ತಾರೆ, ಯಾಕೆಂದರೆ ದೇಶದ ಕಾನೂನಿನ ಪ್ರಕಾರ ಮೊದಲ ಮದುವೆ ಇನ್ನೂ ಹಾಗೇ ಇದೆ. ಹಾಗಾಗಿ ಮುಸ್ಲಿಮರ ವೈಯಕ್ತಿಕ ಕಾನೂನನ್ನು ಮಾನ್ಯ ಮಾಡುವ ಹಾಗೆ ಕ್ಯಾನನ್ ಕಾನೂನನ್ನೂ ಮಾನ್ಯ ಮಾಡಬೇಕು ಅಂತ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಜನವರಿ 19ರಂದು ಅರ್ಜಿ ವಜಾ ಆಯಿತು. ಮಾಲಿ ಜೋಸೆಫ್ ಪ್ರಕರಣದ 1996ರ ತೀರ್ಪೇ ಅದಕ್ಕೆ ಆಧಾರ. ಕ್ಯಾನನ್ ಕಾನೂನಿಗೆ ಧಾರ್ಮಿಕ ಮಹತ್ವ ಇರಬಹುದು, ಆದರೆ ವಿಚ್ಛೇದನ ಕಾಯ್ದೆ ಇರುವಾಗ ಧರ್ಮಸಭೆಯ ತೀರ್ಮಾನದಿಂದ ಕಾನೂನಿನ ಪ್ರಕಾರ ಮದುವೆ ಮುರಿಯುವುದಿಲ್ಲ ಅಂತ ಅದರಲ್ಲಿ ಹೇಳಿದೆ.

ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಪಾಪ ಯಾವುದು ಅಂತ ಹೇಳುವ ಹಕ್ಕು ಧರ್ಮಸಭೆಗೆ ಇರಲಿ, ಮದುವೆ ಉಳಿದಿದೆಯೋ ಇಲ್ಲವೋ ಅಂತ ರಾಜ್ಯಕ್ಕೆ ಹೇಳುವ ಹಕ್ಕು ಕೋರ್ಟಿಗಷ್ಟೇ ಇರಲಿ. ಹಾಗಂತ ಜನರಿಗೆ ಆಗುವ ತಾಪತ್ರಯ ಸುಳ್ಳಲ್ಲ. ಚರ್ಚಿನಲ್ಲಿ ಮರುಮದುವೆ ಆಗಬೇಕು ಅನ್ನುವ ಕ್ಯಾಥೊಲಿಕರು ಕುಟುಂಬ ನ್ಯಾಯಾಲಯದಲ್ಲಿ ಒಂದು ಅರ್ಜಿ, ಧರ್ಮಪ್ರಾಂತ್ಯದ ನ್ಯಾಯಮಂಡಳಿಯಲ್ಲಿ ಇನ್ನೊಂದು ಅರ್ಜಿ ಹಾಕಬೇಕು. ಬರೀ ಕೋರ್ಟಿನ ಡಿಕ್ರಿ ಇದ್ದರೆ ಫಾದರ್ ಮದುವೆ ಮಾಡಿಸುವುದಿಲ್ಲ. ಬರೀ ಧರ್ಮಸಭೆಯ ತೀರ್ಮಾನ ಇದ್ದರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗಬಹುದು. ಧರ್ಮಸಭೆಯ ನ್ಯಾಯಮಂಡಳಿಗಳಲ್ಲಿ ಎರಡು ಸಲ ತೀರ್ಪು ಬರಬೇಕು ಅನ್ನುವ ನಿಯಮವನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ತೆಗೆದುಹಾಕಿದರು, ಆ ಕಡೆ ಸ್ವಲ್ಪ ಸಲೀಸಾಯಿತು. ಈ ಕಡೆ 2001ರ ತಿದ್ದುಪಡಿಯಿಂದ ಕ್ರೈಸ್ತರಿಗೂ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸಿಕ್ಕಿದೆ. ಇದರ ಮೇಲೆ ಪ್ರಾಜೆಕ್ಟ್ ಮಾಡುವುದಾದರೆ ಮೊದಲು 1996ರ ತೀರ್ಪು ಓದಿ, ಅದು ಚಿಕ್ಕದಾಗಿದೆ. ಆಮೇಲೆ ವಿಚ್ಛೇದನ ಕಾಯ್ದೆಯ 18 ಮತ್ತು 19ನೇ ಸೆಕ್ಷನ್‌ಗಳನ್ನು ಕ್ಯಾನನ್ ಕಾನೂನಿನ ಅಸಿಂಧು ಕಾರಣಗಳ ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ ನೋಡಿ.